ಪಟೇಲನ ನೋಟ, ಸಂಘದ ನೋಟ: ಪಸ್ತಾಪುರದ ಮಹಿಳೆಯರ ಚಿತ್ರ ನಿರ್ಮಾಣ

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಕೆಲವೇ ಸಾಲುಗಳು ಇಂದಿನ ತೆಲಂಗಾಣದ ಪಶ್ಚಿಮದ ಅಂಚನ್ನು ನಿರ್ಧರಿಸಿದವು. ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವನ್ನು ಹೊರತುಪಡಿಸಿ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ವೃತ್ತ ಆಂಧ್ರಪ್ರದೇಶಕ್ಕೆ ಸೇರಿದವು. ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಹೋದವು. ಹೀಗೆ ಬೇರ್ಪಟ್ಟ ಸೀಮೆಯನ್ನು ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಶಾಲೆ, ಶಾಸನ, ಆಡಳಿತ ಭಾಷೆಗಳ ಸುತ್ತಲೇ ತಿರುಗಿದೆ. ಅದು ಸಹಜವೂ ಹೌದು. ಆದರೆ ಅದೇ ನೆಲದಲ್ಲಿ, ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ, ಬಹುಪಾಲು ಓದುಬರಹ ಬಾರದ ದಲಿತ ರೈತ ಮಹಿಳೆಯರು ಬೆಳೆಸಿದ ಚಿತ್ರ ನಿರ್ಮಾಣ ಸಂಸ್ಥೆಯೊಂದರ ಚರಿತ್ರೆಯಿದೆ. ಒಂದು ಸೀಮೆಯ ಮಾತನ್ನು ಯಾರು, ಯಾವ ಎತ್ತರದಿಂದ ದಾಖಲಿಸುತ್ತಾರೆಂಬ ಪ್ರಶ್ನೆಯನ್ನು ಅದು ಎತ್ತುತ್ತದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಕಮ್ಯುನಿಟಿ ಮೀಡಿಯಾ ಟ್ರಸ್ಟ್ ಎಂಬುದು ಅದರ ಹೆಸರು.

ಈ ಸಂಸ್ಥೆಯ ಪೂರ್ವಕಥೆ ಉಪಗ್ರಹ ದೂರದರ್ಶನದಿಂದ ಆರಂಭವಾಗುತ್ತದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ಆಂಧ್ರಪ್ರದೇಶವೂ ಇತ್ತು, ಕರ್ನಾಟಕದ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳೂ ಇದ್ದವು. ಪ್ರಯೋಗದ ಹಿರಿಮೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದರಲ್ಲಿ ಹಳ್ಳಿ ನೋಡುವ ಕಡೆ ಇತ್ತು, ನಗರ ತೋರಿಸುವ ಕಡೆ. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಪಿ. ವಿ. ಸತೀಶ್ ದೂರದರ್ಶನದ ನಿರ್ಮಾಪಕರಾಗಿ ಈ ಪ್ರಯೋಗದಲ್ಲಿ ದುಡಿದವರು. ಗ್ರಾಮಾಭಿವೃದ್ಧಿಯ ಕಾರ್ಯಕ್ರಮಗಳನ್ನು ಮಾಡುತ್ತಿದ್ದ ಈ ಕನ್ನಡಿಗ 1980ರ ದಶಕದ ಆರಂಭದಲ್ಲಿ ಗೆಳೆಯರೊಡನೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿ, ಜಹೀರಾಬಾದ್ ಸೀಮೆಯನ್ನೇ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡರು.

ಮೊದಲ ಹದಿನೈದು ವರ್ಷ ಅಲ್ಲಿ ಕ್ಯಾಮೆರಾದ ಮಾತಿರಲಿಲ್ಲ. ಕೆಂಪು ಮಣ್ಣಿನ, ಮಳೆಯನ್ನೇ ನಂಬಿದ ಹೊಲಗಳು. ಪಾಳುಬಿದ್ದ ತುಂಡು ಭೂಮಿ. ಪಡಿತರದ ಅಕ್ಕಿಯ ಎದುರು ಹಿಂದೆ ಸರಿಯುತ್ತಿದ್ದ ಜೋಳ, ನವಣೆ, ಸಾವೆ. ಹಳ್ಳಿಹಳ್ಳಿಯ ಬಡ ಮಹಿಳೆಯರು, ಅದರಲ್ಲೂ ದಲಿತರು, ಸಂಘಗಳಾಗಿ ಕೂಡಿ ಪಾಳುಭೂಮಿಯನ್ನು ಉತ್ತರು, ಬೀಜ ಕೂಡಿಟ್ಟರು, ತಾವೇ ಬೆಳೆದ ಜೋಳವನ್ನು ಊರಲ್ಲೇ ದಾಸ್ತಾನು ಮಾಡಿ ಹಂಚುವ ಪರ್ಯಾಯ ಪಡಿತರವನ್ನು ನಡೆಸಿದರು. ಮುಂದೆ ಚಿತ್ರ ನಿರ್ಮಾಣ ಕೈಗೂಡಿದ್ದು ಈ ಸಂಘಟನೆಯ ಮೇಲೆಯೇ. ಸ್ಟುಡಿಯೊ ಮೊದಲು, ವಸ್ತು ಆಮೇಲೆ ಎಂಬ ಸಾಮಾನ್ಯ ಕ್ರಮ ಇಲ್ಲಿ ತಲೆಕೆಳಗಾಯಿತು. ಹೇಳಬೇಕಾದ ಸಂಗತಿ ಕೈಯಲ್ಲಿದ್ದವರಿಗೆ ಉಪಕರಣ ಸಿಕ್ಕಿತು.

1990ರ ದಶಕದ ಕೊನೆಯಲ್ಲಿ ಸಂಘಗಳ ಕೆಲವು ಮಹಿಳೆಯರಿಗೆ ವಿಡಿಯೊ ತರಬೇತಿ ಆರಂಭವಾಯಿತು. ಭಾರತದಲ್ಲಿ ಇದೇ ಮೊದಲಿನದಲ್ಲ; ಅಹಮದಾಬಾದಿನ ‘ಸೇವಾ’ ಸಂಘಟನೆಯ ಮಹಿಳೆಯರು 1984ರಿಂದಲೇ ವಿಡಿಯೊ ಮಾಡುತ್ತಿದ್ದರು. ಪಸ್ತಾಪುರದವರಿಗೆ ಕೂಲಿಯನ್ನೂ ಹೊಲವನ್ನೂ ಬಿಟ್ಟು ತಿಂಗಳುಗಟ್ಟಲೆ ತರಗತಿಯಲ್ಲಿ ಕೂರುವುದು ಸಾಧ್ಯವಿರಲಿಲ್ಲ. ಆದ್ದರಿಂದ ಕಲಿಕೆಯನ್ನು ತುಂಡುತುಂಡಾಗಿ, ಬೇಸಾಯದ ಬಿಡುವಿಗೆ ಹೊಂದಿಸಿಕೊಳ್ಳಲಾಯಿತು. ಇಂಗ್ಲಿಷ್ ಪರಿಭಾಷೆಯ ಭಾರವೂ ಇತ್ತು. ಆ ಭಾರವನ್ನು ಅವರು ಇಳಿಸಿಕೊಂಡ ರೀತಿ ಈ ಸಂಸ್ಥೆಯ ಚರಿತ್ರೆಯಲ್ಲೇ ಅತ್ಯಂತ ಸ್ವಾರಸ್ಯದ ಘಟ್ಟ.

ಕ್ಯಾಮೆರಾವನ್ನು ಮೇಲಿಂದ ಕೆಳಕ್ಕೆ ತಿರುಗಿಸಿ ತೆಗೆಯುವ ಚಿತ್ರಿಕೆಗೆ ಅವರು ಇಟ್ಟ ಹೆಸರು ‘ಪಟೇಲ್ ಶಾಟ್’. ಊರಿನ ಭೂಮಾಲಿಕ ಗದ್ದುಗೆಯ ಮೇಲಿಂದ ಅವರನ್ನು ನೋಡುತ್ತಿದ್ದದ್ದು ಹಾಗೆಯೇ. ಕೆಳಗಿನಿಂದ ಮೇಲಕ್ಕೆ ನೋಡುವುದು ಜೀತದವರ, ಆಳಿನ ಶಾಟ್. ಕಣ್ಣಿಗೆ ಕಣ್ಣು ಸಮನಾಗಿ ನಿಲ್ಲುವುದು ‘ಸಂಘಂ ಶಾಟ್’: ಸಂಘದ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ವರ್ತುಲವಾಗಿ ಕೂರುತ್ತಾರೆ, ಯಾರ ಕಣ್ಣೂ ಯಾರ ಕಣ್ಣಿಗಿಂತ ಮೇಲಿರುವುದಿಲ್ಲ. ತಮ್ಮ ಚಿತ್ರಗಳಿಗೆ ಅವರು ಒಪ್ಪಿಕೊಂಡದ್ದು ಈ ಮೂರನೆಯದನ್ನು.

ಪರಿಭಾಷೆಯ ಅನುವಾದವೆಂದು ಮಾತ್ರ ಇದನ್ನು ಓದಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ‘ಹೈ ಆ್ಯಂಗಲ್’ ಎಂಬ ಪದ ಕ್ಯಾಮೆರಾದ ಸ್ಥಾನವನ್ನಷ್ಟೇ ಹೇಳುತ್ತದೆ. ‘ಪಟೇಲ್ ಶಾಟ್’ ಆ ಸ್ಥಾನದಲ್ಲಿ ಯಾರು ಕೂತಿದ್ದಾರೆಂದು ಹೇಳುತ್ತದೆ. ಚಲನಚಿತ್ರ ಸಿದ್ಧಾಂತ ದೀರ್ಘ ವಾದಗಳ ಮೂಲಕ ತಲುಪಿದ ‘ನೋಟದ ರಾಜಕೀಯ’ವನ್ನು ಇಲ್ಲಿ ಎರಡು ಪದಗಳು ಹಿಡಿದಿಟ್ಟಿವೆ. ತೆಲಂಗಾಣದ ಭೂಮಾಲಿಕ ವ್ಯವಸ್ಥೆ ತೆರೆಗೆ ಹೊಸದಾಗಿರಲಿಲ್ಲ. ಶ್ಯಾಮ್ ಬೆನೆಗಲ್ ಅವರ ‘ಅಂಕುರ್’ (1974), ಗೌತಮ್ ಘೋಷ್ ನಿರ್ದೇಶಿಸಿ ಬಿ. ನರಸಿಂಗರಾವ್ ನಿರ್ಮಿಸಿದ ‘ಮಾ ಭೂಮಿ’ (1980), ನರಸಿಂಗರಾವ್ ಅವರದೇ ‘ದಾಸಿ’ (1988) ಅದನ್ನು ಅಂತಃಕರಣದಿಂದಲೇ ಕಂಡವು. ಕನ್ನಡದಲ್ಲಿ ಬಿ. ವಿ. ಕಾರಂತರ ‘ಚೋಮನ ದುಡಿ’ (1975) ಇದೇ ಬಗೆಯ ಹೊಣೆಯನ್ನು ಹೊತ್ತಿತ್ತು. ಈ ಯಾವ ಕೃತಿಯಲ್ಲೂ ಕ್ಯಾಮೆರಾ ಆಳಿನ ಕೈಯಲ್ಲಿರಲಿಲ್ಲ. ಇದು ಆ ಚಿತ್ರಗಳ ಕೊರತೆಯೆಂದಲ್ಲ, ಅವು ಹುಟ್ಟಿದ ಕಾಲದ ಉತ್ಪಾದನಾ ಕ್ರಮದ ಮಿತಿ. ಆದರೂ ಹೋಲಿಕೆಯನ್ನು ಮಾಡದೆ ಬಿಡುವಂತಿಲ್ಲ.

2001ರಲ್ಲಿ ವಿಡಿಯೊ ಮತ್ತು ರೇಡಿಯೊ ಕೆಲಸಗಳೆರಡೂ ಕಮ್ಯುನಿಟಿ ಮೀಡಿಯಾ ಟ್ರಸ್ಟಿನ ಅಡಿಯಲ್ಲಿ ಬಂದವು. ಬೀಜ, ಬೆಳೆ, ಮಣ್ಣು, ಹಬ್ಬಗಳನ್ನು ಕುರಿತ ಚಿಕ್ಕ ಚಿತ್ರಗಳಿಂದ ಹೊರಬಂದು ಸಂಸ್ಥೆ ದೊಡ್ಡ ವಿವಾದಕ್ಕೆ ಕೈಹಾಕಿದ್ದು ಅನಂತರ. 2002ರ ಮಾರ್ಚ್‌ನಲ್ಲಿ ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಅದೇ ಹಂಗಾಮಿನಲ್ಲಿ ಪಸ್ತಾಪುರದ ಮಹಿಳೆಯರು ವಾರಂಗಲ್‌ಗೆ ಹೋಗಿ, ಅದನ್ನು ಬಿತ್ತಿದ ರೈತರನ್ನು ಮತ್ತೆಮತ್ತೆ ಭೇಟಿಯಾಗಿ ಮಾತನಾಡಿಸಿದರು. ಪತ್ರಕರ್ತರಂತೆ ಒಂದು ದಿನ ಹೋಗಿ ಬರದೆ, ಬೆಳೆಯ ಜೊತೆಗೇ ನಡೆದರು. ಬಿತ್ತುವಾಗಿನ ಉತ್ಸಾಹ ಕೊಯ್ಲಿನ ಹೊತ್ತಿಗೆ ಸಿಟ್ಟಾಗಿ ಬದಲಾದದ್ದು ರೈತರ ಮಾತಿನಲ್ಲೇ ದಾಖಲಾಯಿತು. ‘ವೈ ಆರ್ ವಾರಂಗಲ್ ಫಾರ್ಮರ್ಸ್ ಆಂಗ್ರಿ ವಿತ್ ಬಿಟಿ ಕಾಟನ್?’ ಎಂಬ ಹೆಸರಿನಲ್ಲಿ 2003ರಲ್ಲಿ ಹೊರಬಂದ ಈ ಚಿತ್ರ ಫ್ರೆಂಚ್, ಸ್ಪ್ಯಾನಿಷ್ ಸೇರಿದಂತೆ ಹಲವು ಭಾಷೆಗಳಲ್ಲಿ ಪ್ರಸಾರ ಕಂಡಿತು. ಮೂರು ಹಂಗಾಮುಗಳ ಅನುಭವವನ್ನು ಒಟ್ಟುಗೂಡಿಸಿದ ಮುಂದಿನ ಚಿತ್ರ 2005ರದು. 2007ರ ಚಿತ್ರ ದಕ್ಷಿಣ ಆಫ್ರಿಕಾ, ಮಾಲಿ, ಇಂಡೋನೇಷ್ಯಾಗಳ ಹತ್ತಿ ಬೆಳೆಗಾರರ ಅನುಭವವನ್ನೂ ಒಳಗೊಂಡಿತು.

ಈ ಚಿತ್ರಗಳು ತಟಸ್ಥವಲ್ಲ. ಅವುಗಳ ಹಿಂದಿದ್ದ ಸಂಸ್ಥೆ ಕುಲಾಂತರಿ ಬೆಳೆಗಳ ವಿರುದ್ಧದ ಚಳವಳಿಯಲ್ಲಿ ಬಹಿರಂಗವಾಗಿಯೇ ನಿಂತಿತ್ತು. 2005ರ ಮೇ ತಿಂಗಳಲ್ಲಿ ಕೇಂದ್ರದ ಅನುಮೋದನಾ ಸಮಿತಿ ಆಂಧ್ರಪ್ರದೇಶದಲ್ಲಿ ಮೂರು ಬಿಟಿ ಹತ್ತಿ ತಳಿಗಳಿಗೆ ಅನುಮತಿ ಮುಂದುವರಿಸಲಿಲ್ಲ. ಇದನ್ನು ಚಿತ್ರದ ಗೆಲುವೆಂದು ಬರೆಯುವುದು ಅತಿಯಾಗುತ್ತದೆ. ಬಿಟಿ ಹತ್ತಿಯ ವಿಸ್ತೀರ್ಣ ಮುಂದಿನ ವರ್ಷಗಳಲ್ಲಿ ದೇಶದೆಲ್ಲೆಡೆ ಹೆಚ್ಚುತ್ತಲೇ ಹೋಯಿತು. ಚಿತ್ರದ ಬೆಲೆ ಬೇರೆಡೆಯಿದೆ. ರೈತನ ಮುಂದೆ ಕ್ಯಾಮೆರಾ ಹಿಡಿದಿದ್ದವಳಿಗೂ ಬೀಜ, ಸಾಲ, ಮಳೆಯ ಲೆಕ್ಕ ಗೊತ್ತಿತ್ತು. ಹೀಗಾಗಿ ಆಕೆಯ ಪ್ರಶ್ನೆಗಳಿಗೆ ಸಿಕ್ಕ ಉತ್ತರದ ಬಗೆಯೇ ಬೇರೆ.

ರೇಡಿಯೊದ ಕಥೆಯನ್ನು ಇಲ್ಲಿ ಚಿಕ್ಕದಾಗಿ ಹೇಳಬಹುದು. ಯುನೆಸ್ಕೋ ನೆರವಿನಿಂದ 1990ರ ದಶಕದ ಕೊನೆಯಲ್ಲೇ ಮಾಚನೂರಿನಲ್ಲಿ ಕೇಂದ್ರ ಸಿದ್ಧವಾಗಿದ್ದರೂ ಪ್ರಸಾರದ ಪರವಾನಗಿ ಇರಲಿಲ್ಲ. ಸುಮಾರು ಹತ್ತು ವರ್ಷ ಕಾರ್ಯಕ್ರಮಗಳು ಕ್ಯಾಸೆಟ್ ರೂಪದಲ್ಲಿ ಸಂಘದಿಂದ ಸಂಘಕ್ಕೆ ಹೋದವು. ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಕೊಟ್ಟ 2006ರ ನೀತಿಯ ನಂತರ, 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೊ’ ಆರಂಭವಾಯಿತು. ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ. ಬಿ. ಸಾವಂತ್, ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು ಎಂದ 1995ರ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಪೀಠದಲ್ಲಿದ್ದವರೇ.

ಇಷ್ಟಾದರೂ ಇದನ್ನು ಮಾರುಕಟ್ಟೆಯ ಅರ್ಥದಲ್ಲಿ ಕಂಪನಿಯೆನ್ನಲಾಗದು. ಟಿಕೆಟ್ಟಿಲ್ಲ, ವಿತರಕರಿಲ್ಲ, ತಾರೆಯರಿಲ್ಲ. ವೆಚ್ಚದ ಬಹುಭಾಗಕ್ಕೆ ಮಾತೃಸಂಸ್ಥೆ ಮತ್ತು ಅದರ ನೆರವುದಾರರೇ ಆಧಾರ. ಸ್ವಾತಂತ್ರ್ಯದ ಮಾತು ಬಂದಾಗ ಈ ಅವಲಂಬನೆಯನ್ನು ಮರೆಮಾಚಬಾರದು. ಇನ್ನೊಂದು ಬಗೆಯ ಸ್ವಾತಂತ್ರ್ಯ ಮಾತ್ರ ಅವರಿಗಿತ್ತು: ಕ್ಯಾಮೆರಾ ಹಿಡಿದವರು ಹೊಲವನ್ನು ಬಿಡಲಿಲ್ಲ, ಚಿತ್ರವನ್ನೇ ಬದುಕಿನ ಏಕೈಕ ಆಸರೆ ಮಾಡಿಕೊಳ್ಳಲಿಲ್ಲ.

ಕನ್ನಡದ ಅಧ್ಯಯನಕಾರರಿಗೆ ಇಲ್ಲೊಂದು ಕೆಲಸ ಉಳಿದಿದೆ. ಈ ಚಿತ್ರಗಳ ಮುಖ್ಯ ಮಾತು ಸೀಮೆಯ ತೆಲುಗು. ಆದರೆ ಇದು ತೆಲುಗು, ಕನ್ನಡ, ದಖನಿ ಉರ್ದುಗಳು ಒಂದೇ ಸಂತೆಯಲ್ಲಿ ವ್ಯವಹರಿಸುವ ನೆಲ. ತೆಲುಗಿನ ‘ಕೊರ್ರ’ವನ್ನು ಕೇಳಿದ ಕನ್ನಡಿಗ ಅವಸರದಲ್ಲಿ ‘ಕೊರಲೆ’ ಎಂದು ಅಡಿಬರಹ ಹಾಕಿಬಿಡಬಹುದು. ಕೊರ್ರ ನಮ್ಮ ನವಣೆ. ನಮ್ಮ ಕೊರಲೆ ತೆಲುಗಿನವರಿಗೆ ‘ಅಂಡು ಕೊರ್ರ’. ಧಾನ್ಯದ ಹೆಸರುಗಳೇ ಇಷ್ಟು ತೊಡಕಾಗಿರುವಾಗ ಉಳುಮೆ, ಬೀಜೋಪಚಾರ, ಹಬ್ಬಗಳ ಪದಕೋಶ ಇನ್ನೆಷ್ಟು ಹೆಣೆದುಕೊಂಡಿರಬೇಕು! ಕನ್ನಡದ ಕಿವಿಯಿಟ್ಟು ಈ ಧ್ವನಿಮುದ್ರಣಗಳನ್ನು ಕೇಳಿ ಪದಸೂಚಿ ಮಾಡಿದರೆ, 1956ರ ಗೆರೆ ಭೂಪಟದಲ್ಲಿ ಹೋದಲ್ಲೆಲ್ಲ ಮಾತಿನಲ್ಲೂ ಹೋಗಿದೆಯೇ ಎಂಬುದು ತಿಳಿದೀತು.

ಸತೀಶ್ 2023ರ ಮಾರ್ಚ್ 19ರಂದು ತೀರಿಕೊಂಡರು. ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಗಾಡಿಗಳಲ್ಲಿ ಬೀಜಗಳನ್ನು ಸಿಂಗರಿಸಿಕೊಂಡು ಊರೂರು ಸುತ್ತುವ ‘ಪಾತ ಪಂಟಲ ಜಾತರ’ವನ್ನು ಸಂಘಗಳು ವರ್ಷವರ್ಷವೂ ನಡೆಸಿಕೊಂಡು ಬಂದಿವೆ. ಬೀಜವನ್ನು ಹೀಗೆ ಮತ್ತೆ ಬಿತ್ತಿ ಉಳಿಸಿಕೊಳ್ಳಬಹುದು. ಮ್ಯಾಗ್ನೆಟಿಕ್ ಟೇಪು ಹಾಗಲ್ಲ. ಆರಂಭದ ವರ್ಷಗಳ ಮುದ್ರಣಗಳಿಗೆ ಈಗ ಇಪ್ಪತ್ತೈದರ ಪ್ರಾಯ, ಶಾಖ ಮತ್ತು ತೇವ ಎರಡೂ ಅವುಗಳ ಶತ್ರುಗಳು.