ಕಸಬರಿಗೆಯೂ ಒಂದು ಸೂನೆ: ಶ್ರಾವಕನ ಮನೆವಾರ್ತೆ ಮತ್ತು ಅತಿಚಾರ

ಮನೆಯನ್ನು ಒಪ್ಪವಾಗಿಡುವ ಕೆಲಸದಲ್ಲಿಯೇ ಹಿಂಸೆ ಅಡಗಿದೆಯೆಂಬ ಅರಿವು ಭಾರತೀಯ ಗೃಹಸ್ಥಧರ್ಮಕ್ಕೆ ಬಹು ಹಳೆಯದು. ಒಲೆ, ಬೀಸುವ ಕಲ್ಲು, ಒರಳು, ನೀರಿನ ಕೊಡ, ಕಸಬರಿಗೆ ಈ ಐದನ್ನು ಪ್ರಾಚೀನರು ‘ಪಂಚಸೂನೆ’ ಎಂದು ಕರೆದರು. ಸೂನೆಯೆಂದರೆ ವಧಾಸ್ಥಾನ. ಶುಚಿಯ ಸಾಧನವೇ ಕೊಲೆಯ ತಾಣಗಳ ಸಾಲಿನಲ್ಲಿ ನಿಂತಿದೆ! ಇದಕ್ಕೆ ಪರಿಹಾರವಾಗಿ ಮನುಸ್ಮೃತಿಯು ನಿತ್ಯದ ಪಂಚಮಹಾಯಜ್ಞಗಳನ್ನು ವಿಧಿಸಿತು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಬೇರೆ ದಾರಿ ಹಿಡಿಯಿತು: ಮನೆಗೆಲಸದಿಂದ ಕೂಡಿದ ಕರ್ಮವನ್ನು ಮನೆ ತೊರೆದ ಅತಿಥಿಗಳ ಸತ್ಕಾರವು ತೊಳೆಯುತ್ತದೆ ಎಂದಿತು. ಒಲೆ ಆರಿಸಿಬಿಡಬೇಕೆಂದು ಗೃಹಸ್ಥನಿಗೆ ಎರಡೂ ಹೇಳಲಿಲ್ಲ.

ಆದರೆ ಈ ವಿಚಾರದ ನಿಜವಾದ ಸೂಕ್ಷ್ಮತೆ ಕಾಣುವುದು ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ. ಅಲ್ಲಿ ಗೃಹಸ್ಥನ ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ಪರಿಗ್ರಹಪರಿಮಾಣ ವ್ರತದಲ್ಲಿ ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯ, ದಾಸಿ-ದಾಸರು, ಬಟ್ಟೆ-ಪಾತ್ರೆಗಳು ತಾನೇ ಹಾಕಿಕೊಂಡ ಮಿತಿಯನ್ನು ಮೀರುವುದು ಅತಿಚಾರ. ಪ್ರೋಷಧೋಪವಾಸದ ಅತಿಚಾರಗಳಂತೂ ನೇರವಾಗಿ ಮನೆಯ ಒಳಗನ್ನೇ ಮುಟ್ಟುತ್ತವೆ: ನೋಡದೆ, ಗುಡಿಸದೆ ವಸ್ತುವನ್ನು ಎತ್ತಿಕೊಳ್ಳುವುದು, ಹಾಸಿಗೆ ಹಾಸುವುದು, ಅನಾದರ, ಕೊನೆಗೆ ಮರೆವು. ಮರೆವನ್ನೂ ಶಾಸ್ತ್ರಕಾರನು ಹೆಸರಿಟ್ಟು ಎಣಿಸಿದ್ದಾನೆ. ಅತಿಚಾರವೆಂದರೆ ವ್ರತಭಂಗವಲ್ಲ, ವ್ರತಕ್ಕೆ ತಗುಲಿದ ಕಲೆ. ಆಲೋಚನೆ, ಪ್ರತಿಕ್ರಮಣಗಳಿಂದ ಅದನ್ನು ತಿದ್ದಿಕೊಂಡು ಮುಂದುವರಿಯಬೇಕು. ಸಂಪೂರ್ಣವಾಗಿ ಮುರಿದರೆ ಅದು ಅನಾಚಾರ. ಈ ಎರಡರ ನಡುವಣ ಅಂತರವನ್ನು ಕೇವಲ ಪಾರಿಭಾಷಿಕವೆಂದು ತಳ್ಳಿಹಾಕುವುದು ಸರಿಯಲ್ಲ. ಗೃಹಸ್ಥನು ಬದುಕಬಲ್ಲ ಜಾಗ ಇರುವುದೇ ಅಲ್ಲಿ.

ಕಲಬುರಗಿ ಸೀಮೆಗೆ ಈ ಪರಂಪರೆಯ ನಂಟು ಆಳವಾದುದು. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನು ಗೌರವಿಸಿದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ 53 ಗರ್ಭಾನ್ವಯ ಕ್ರಿಯೆಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ಮನೆಯೊಡೆತನದ ‘ಗೃಹೀಶಿತಾ’, ಬಳಿಕ ಮಗನಿಗೆ ಭಾರ ಒಪ್ಪಿಸಿ ಶಾಂತನಾಗುವ ‘ಪ್ರಶಾಂತಿ’, ಅದರ ಮುಂದೆ ‘ಗೃಹತ್ಯಾಗ’ ಬರುತ್ತವೆ. ಮನೆವಾರ್ತೆಯೂ ಸಂಸ್ಕಾರವೇ, ಅದನ್ನು ಬಿಟ್ಟುಕೊಡುವುದೂ ಸಂಸ್ಕಾರವೇ.

ಈ ಶಾಸ್ತ್ರವಿಚಾರಕ್ಕೆ ನೆಲದ ಮೇಲಿನ ಅರ್ಥವೇನೆಂಬುದನ್ನು ಇದೇ ಸೀಮೆಯ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಂತಹ ಊರಿನ ಒಕ್ಕಲು ಮನೆಯನ್ನು ಮುಂದಿಟ್ಟುಕೊಂಡು ಯೋಚಿಸಬಹುದು. ಇದು ತೊಗರಿ, ಜೋಳ ಬೆಳೆಯುವ ನಾಡು. ಶಹಾಬಾದಿನ ಪರಸಿ ಹಾಸಿದ ನೆಲವನ್ನು ಎಷ್ಟು ಗುಡಿಸಿದರೂ ಎರೆಮಣ್ಣು ಕಾಲಿಗಂಟಿ ಒಳಗೆ ಬರುತ್ತದೆ. ಮಳೆಗಾಲದ ತೇವಕ್ಕೆ ಕೂಡಿಟ್ಟ ಕಾಳಿಗೆ ನುಸಿ ಹಿಡಿಯುತ್ತದೆ. ಬಿಸಿಲಿಗೆ ಹಾಕಿದರೆ ಹುಳ ಸಾಯುತ್ತದೆ. ಹಾಕದಿದ್ದರೆ ಇನ್ನಷ್ಟು ಹುಟ್ಟಿ, ಕಾಳು ಒಡೆಯುವ ಹೊತ್ತಿಗೆ ಅವೂ ಕಲ್ಲಿನಡಿ ಸಿಲುಕುತ್ತವೆ. ಅಹಿಂಸೆಯನ್ನು ನಂಬಿದ ಗೃಹಿಣಿಗೆ ಇಲ್ಲಿ ನಿರ್ದೋಷವಾದ ಆಯ್ಕೆಯೇ ಇಲ್ಲ. ಪರಿಮಾಣ ವ್ರತ ಅರ್ಥ ಪಡೆಯುವುದು ಆಗಲೇ: ಕೂಡಿಡುವ ಚೀಲ ಕಡಿಮೆಯಾದಷ್ಟೂ ನುಸಿಯೂ ಕಡಿಮೆ, ಗುಡಿಸುವುದೂ ಕಡಿಮೆ. ಉಳಿದಷ್ಟನ್ನು ಜೈನ ಮನೆಗಳಲ್ಲಿ ಬಳಕೆಗೆ ಮೊದಲು ಸೋಸಿ, ಸಿಕ್ಕ ಹುಳಗಳನ್ನು ನೆರಳಿನಲ್ಲಿ ಬಿಡುತ್ತಾರೆ. ಕಣ್ತಪ್ಪಿದ್ದನ್ನು ಸಂಜೆಯ ಪ್ರತಿಕ್ರಮಣದಲ್ಲಿ ನೆನೆಯುತ್ತಾರೆ.