ಹಗುರ ಬಟ್ಟೆಯ ರಾತ್ರಿಯುಡುಪು: ಮನೆಯಲ್ಲೇ ಹೊಲಿಯುವ ಬಗೆ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರ ಸುಮಾರಿಗೆ ಟಿಬೆಟನ್ ನಿರಾಶ್ರಿತರು ನೆಲೆಸತೊಡಗಿದರು. ಹಿಮದ ನಾಡಿನ ಉಣ್ಣೆಯ 'ಚುಬಾ' ಇಲ್ಲಿಯ ಬೇಸಿಗೆಗೆ ಒಗ್ಗುವಂಥದ್ದಲ್ಲ. ಕ್ರಮೇಣ ಉಡುಪಿನ ರೂಪ ಉಳಿಯಿತು, ಬಟ್ಟೆ ಹಗುರವಾಯಿತು. ತೆಳು ಬಟ್ಟೆಯ, ತೋಳಿಲ್ಲದ ಚುಬಾ ಬಳಕೆಗೆ ಬಂದಿತು. ಹವೆಗೆ ತಕ್ಕ ಬಟ್ಟೆ ಎಂಬ ಈ ನಿಯಮ ರಾತ್ರಿಯುಡುಪಿಗೆ ಇನ್ನಷ್ಟು ಅನ್ವಯಿಸುತ್ತದೆ.

ಹಿನ್ನೆಲೆ

ಪೈಜಾಮ ಎಂಬ ಪದ ಪರ್ಷಿಯನ್ ಮೂಲದ್ದು. 'ಕಾಲಿನ ಉಡುಪು' ಎಂದರ್ಥ. ಭಾರತದಲ್ಲಿ ಹಗಲು ತೊಡುತ್ತಿದ್ದ ಇದನ್ನು ಬ್ರಿಟಿಷರು ತಮ್ಮ ದೇಶಕ್ಕೊಯ್ದು ಮಲಗುವ ಉಡುಪಾಗಿಸಿದರು. ನೈಟಿಯ ಕಥೆ ಇದಕ್ಕೆ ತದ್ವಿರುದ್ಧ: ರಾತ್ರಿಗೆಂದು ಬಂದದ್ದು ಕರ್ನಾಟಕದ ಮನೆಗಳಲ್ಲಿ ಹಗಲಿನ ಉಡುಪೂ ಆಗಿದೆ.

ಬಟ್ಟೆಯ ಆಯ್ಕೆ

ಮಲ್ಮಲ್, ವಾಯ್ಲ್ ಮತ್ತು ಕೇಂಬ್ರಿಕ್ ಹತ್ತಿಬಟ್ಟೆಗಳು ಸೂಕ್ತ. ಇವು ಬೆವರನ್ನು ಹೀರುತ್ತವೆ, ಗಾಳಿಯಾಡಲು ಬಿಡುತ್ತವೆ. ನೂಲಿನ ಕೌಂಟ್ ಹೆಚ್ಚಿದಷ್ಟೂ ಎಳೆ ತೆಳುವಾಗಿರುತ್ತದೆ. ಅಂಥ ಎಳೆ ತೆಗೆಯಲು ಉದ್ದನೆಯ ನಾರಿನ ಹತ್ತಿ ಬೇಕು. ಧಾರವಾಡದಲ್ಲಿ ರೂಪುಗೊಂಡ ಡಿಸಿಎಚ್-32 ಅಂಥ ತಳಿ. ಬೈಲಕುಪ್ಪೆಗೆ ದೂರವಲ್ಲದ ಎಚ್.ಡಿ. ಕೋಟೆ ಹತ್ತಿ ಬೆಳೆಯುವ ಸೀಮೆಯೇ ಆಗಿದೆ. ಹಳೆಯ ಹತ್ತಿ ಸೀರೆಯೂ ಒಳ್ಳೆಯ ಆಯ್ಕೆ: ಅದು ಈಗಾಗಲೇ ಕುಗ್ಗಿ ಮೆತ್ತಗಾಗಿರುತ್ತದೆ. ಆದರೆ ಬೆಳಕಿಗೆ ಹಿಡಿದು ನೋಡಿ, ಜೀರ್ಣವಾದ ಭಾಗವನ್ನು ಬಿಡಬೇಕು.

ಅಳತೆ ಮತ್ತು ಕತ್ತರಿಕೆ

ಭುಜದಿಂದ ಹಿಮ್ಮಡಿಯ ಮೇಲಕ್ಕೆ 54 ಇಂಚು ಉದ್ದ ಬೇಕಾದರೆ, ಮಡಿಕೆಗೆ 2 ಇಂಚು ಸೇರಿಸಿ ಮುಂಭಾಗ, ಹಿಂಭಾಗ ತಲಾ 56 ಇಂಚು, ಅಂದರೆ ಒಟ್ಟು 112 ಇಂಚು ಆಗುತ್ತದೆ. 44 ಇಂಚು ಪನ್ನದ ಬಟ್ಟೆಯಾದರೆ ಮೂರೂಕಾಲು ಮೀಟರ್ ಕೊಳ್ಳುವುದು ಲೇಸು. ಹೊಸ ಹತ್ತಿಬಟ್ಟೆ ಒಗೆದಾಗ ಕುಗ್ಗುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಎದೆಯ ಸುತ್ತಳತೆಗೆ 8ರಿಂದ 10 ಇಂಚು ಸಡಿಲ ಸೇರಿಸಬೇಕು. ಕೆಳಗಿನ ಅಂಚು ಭಾಗವೊಂದಕ್ಕೆ 30 ಇಂಚು ಅಗಲವಿದ್ದರೆ, ಪಕ್ಕದಲ್ಲಿ ಉಳಿಯುವ ಪಟ್ಟಿಯಲ್ಲೇ ಗಿಡ್ಡ ತೋಳು ದೊರೆಯುತ್ತವೆ. ಬಟ್ಟೆಯ ಉದ್ದನೆಯ ಎಳೆ ಉಡುಪಿನ ಉದ್ದಕ್ಕೇ ಬರಬೇಕು. ಓರೆಯಾದರೆ ಒಗೆದ ಮೇಲೆ ಉಡುಪು ತಿರುಚಿಕೊಳ್ಳುತ್ತದೆ.

ಹೊಲಿಗೆ

ತೆಳು ಬಟ್ಟೆಗೆ 9 ಅಥವಾ 11ನೇ ನಂಬರಿನ ಹೊಸ ಸೂಜಿ ಬಳಸಬೇಕು. ದಪ್ಪ ಸೂಜಿ ತೂತು ಬೀಳಿಸುತ್ತದೆ. ಅಂಚು ಬೇಗ ಬಿಚ್ಚಿಕೊಳ್ಳುವುದರಿಂದ ಪಕ್ಕಗಳಿಗೆ ಇಮ್ಮಡಿ ಹೊಲಿಗೆ ಅಗತ್ಯ. ಮೊದಲು ಒಳಮೈಗಳು ಪರಸ್ಪರ ತಾಗುವಂತೆ ಇಟ್ಟು ಅಂಚಿಗೆ ಹತ್ತಿರ ಹೊಲಿಯಬೇಕು. ಹೆಚ್ಚಾದ ಎಳೆ ಕತ್ತರಿಸಿ, ಮಗುಚಿ, ಹೊರಮೈಗಳು ತಾಗುವಂತೆ ಎರಡನೆಯ ಹೊಲಿಗೆ ಹಾಕಿದರೆ ಅಂಚು ಒಳಗೆ ಮುಚ್ಚಿಹೋಗುತ್ತದೆ, ಮೈಗೆ ಚುಚ್ಚುವುದಿಲ್ಲ. ಕೊರಳಿಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ ಕೊಡಬೇಕು. ಅದು ಹಿಗ್ಗುವುದರಿಂದ ದುಂಡಗೆ ಕೂರುತ್ತದೆ.

ಎಚ್ಚರಿಕೆ

ತೆಳು ಹತ್ತಿಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಪಾಲಿಯೆಸ್ಟರ್, ನೈಲಾನ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ನೈಟಿಯಲ್ಲೇ ಅಡುಗೆ ಮಾಡುವ ರೂಢಿಯಿರುವಲ್ಲಿ ಜೋಲುವ ತೋಳು, ಕೊರಳಿನ ಉದ್ದ ದಾರ, ಅಗಲ ಝಾಲರಿ ಅಪಾಯಕಾರಿ. ಒಲೆಯ ಮೇಲೆ ಕೈ ಚಾಚುವವರಿಗೆ ಮೊಣಕೈ ಮೇಲಿನ ತೋಳೇ ಕ್ಷೇಮ. ಸಿದ್ಧ ಉಡುಪಿನಲ್ಲಿ ತಯಾರಕ ಇಟ್ಟ ತೋಳನ್ನೇ ಒಪ್ಪಬೇಕು. ಮನೆಯ ಹೊಲಿಗೆಯಲ್ಲಿ ಅದನ್ನು ತೊಡುವವರೇ ನಿರ್ಧರಿಸಬಹುದು. ಉಡುಪಿಗೆ ಕಿಡಿ ತಗುಲಿದರೆ ಓಡಬಾರದು. ನೆಲದ ಮೇಲೆ ಮಲಗಿ ಉರುಳಬೇಕು, ಸುಟ್ಟ ಭಾಗಕ್ಕೆ ಕೂಡಲೇ ತಣ್ಣೀರು ಹರಿಸಿ ಆಸ್ಪತ್ರೆಗೆ ತೆರಳಬೇಕು.