ಚಲನಚಿತ್ರಗಳಲ್ಲಿ ವೀರಪಾತ್ರಗಳ ರೂಪಸಾಮ್ಯ

ಚಿತ್ರ, ಪ್ರತಿಮೆ ಅಥವಾ ಪುಸ್ತಕದ ಮೂಲಕ ಜನರಿಗೆ ಈಗಾಗಲೇ ಪರಿಚಿತನಾಗಿರುವ ವೀರನೊಬ್ಬನ ಪಾತ್ರವನ್ನು ಚಲನಚಿತ್ರದಲ್ಲಿ ವಹಿಸುವ ನಟನ ಮುಖ, ಮೈಕಟ್ಟು, ವಯಸ್ಸು ಮತ್ತು ಉಡುಪು ಆ ಪರಿಚಿತ ರೂಪಕ್ಕೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದನ್ನು ರೂಪಸಾಮ್ಯ ಎನ್ನಬಹುದು. ಅಮೆರಿಕದ ಕಾಮಿಕ್ಸ್ ಆಧಾರಿತ ಸೂಪರ್‌ಹೀರೋ ಚಿತ್ರಗಳಿಗೆ ನಟರನ್ನು ಆಯ್ಕೆ ಮಾಡುವಾಗ ಈ ಪ್ರಶ್ನೆ ಪದೇ ಪದೇ ಏಳುತ್ತದೆ. ಕನ್ನಡದಲ್ಲಿ ಇದಕ್ಕೆ ಸಮೀಪದ ನಿದರ್ಶನಗಳು ಐತಿಹಾಸಿಕ ಚಿತ್ರಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರು ರಾಣಿ ಚೆನ್ನಮ್ಮ ಮತ್ತು ಸಂಗೊಳ್ಳಿ ರಾಯಣ್ಣನನ್ನು ಕುರಿತ ಚಿತ್ರಗಳು ಮುಖ್ಯವಾದವು. ಕಾಮಿಕ್ಸ್‌ನ ನಾಯಕನಿಗೆ ಕಲಾವಿದನೊಬ್ಬ ಬರೆದ ಮೂಲಚಿತ್ರವಿರುತ್ತದೆ. ಕಿತ್ತೂರಿನ ವೀರರಿಗಾದರೋ ಅವರನ್ನು ಎದುರಿಗಿಟ್ಟುಕೊಂಡು ಬರೆದದ್ದೆಂದು ಖಚಿತವಾಗಿ ಹೇಳಬಹುದಾದ ಪ್ರಸಿದ್ಧ ಚಿತ್ರವೇ ಇಲ್ಲ. ಆದುದರಿಂದ ಇಲ್ಲಿ ನಟನನ್ನು ಯಾವುದರೊಂದಿಗೆ ಹೋಲಿಸಬೇಕು ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ.

ಕಾಮಿಕ್ಸ್ ಮತ್ತು ಮೂಲಚಿತ್ರ

ಕಾಮಿಕ್ಸ್ ಪಾತ್ರಗಳ ಎತ್ತರ, ಕೂದಲಿನ ಬಣ್ಣ, ಉಡುಪು ಎಲ್ಲವೂ ಪುಟದ ಮೇಲೆ ನಿಗದಿಯಾಗಿರುವುದರಿಂದ ವ್ಯತ್ಯಾಸವನ್ನು ಅಳೆದು ತೋರಿಸಬಹುದು. ವುಲ್ವರಿನ್ ಪಾತ್ರವು ಕಾಮಿಕ್ಸ್‌ನಲ್ಲಿ ಐದು ಅಡಿ ಮೂರು ಅಂಗುಲದ ಗಿಡ್ಡ ಮನುಷ್ಯ. 2000ದ ‘ಎಕ್ಸ್-ಮೆನ್’ ಚಿತ್ರದಲ್ಲಿ ಆ ಪಾತ್ರವನ್ನು ವಹಿಸಿದ ಹ್ಯೂ ಜಾಕ್‌ಮನ್ ಆರು ಅಡಿಗೂ ಹೆಚ್ಚು ಎತ್ತರದವರು. ಕಾಮಿಕ್ಸ್‌ನ ಹಳದಿ ಉಡುಪನ್ನೂ ಆ ಚಿತ್ರ ಕೈಬಿಟ್ಟು ಕಪ್ಪು ಚರ್ಮದ ಉಡುಪನ್ನು ಬಳಸಿತು. ಆದರೂ ಮುಂದಿನ ಎರಡು ದಶಕಗಳ ಕಾಲ ಪ್ರೇಕ್ಷಕರಿಗೆ ವುಲ್ವರಿನ್ ಎಂದರೆ ಜಾಕ್‌ಮನ್ ಅವರೇ ಆದರು. 2024ರ ‘ಡೆಡ್‌ಪೂಲ್ ಆ್ಯಂಡ್ ವುಲ್ವರಿನ್’ ಚಿತ್ರದಲ್ಲಿ ಅವರು ಹಳದಿ ಉಡುಪು ತೊಟ್ಟದ್ದು ಅಭಿಮಾನಿಗಳಿಗೆ ಹಳೆಯ ಬಾಕಿ ಸಂದಾಯವಾದಂತೆ ಕಂಡಿತು.

ಮೈಕೆಲ್ ಕೀಟನ್ ಅವರನ್ನು 1989ರ ‘ಬ್ಯಾಟ್‌ಮನ್’ ಚಿತ್ರಕ್ಕೆ ಆರಿಸಿದಾಗ ವಾರ್ನರ್ ಬ್ರದರ್ಸ್ ಸಂಸ್ಥೆಗೆ ಸಾವಿರಾರು ಪ್ರತಿಭಟನಾ ಪತ್ರಗಳು ಬಂದವು. ಹಾಸ್ಯಪಾತ್ರಗಳಿಗೆ ಹೆಸರಾಗಿದ್ದ ಸಾಧಾರಣ ಮೈಕಟ್ಟಿನ ಆ ನಟನಿಗೆ ಸ್ನಾಯುಗಳ ಆಕಾರವನ್ನೇ ಎರಕಹೊಯ್ದ ಉಡುಪನ್ನು ತೊಡಿಸಲಾಯಿತು. ಚಿತ್ರ ಬಿಡುಗಡೆಯಾದ ಮೇಲೆ ವಿರೋಧ ತಣ್ಣಗಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆ ಕ್ರಿಸ್ಟೊಫರ್ ರೀವ್ ಅವರದು. 1978ರ ‘ಸೂಪರ್‌ಮ್ಯಾನ್’ ಚಿತ್ರಕ್ಕಾಗಿ ಅವರು ಕಠಿಣ ವ್ಯಾಯಾಮ ಮಾಡಿ ದೇಹವನ್ನು ಬೆಳೆಸಿಕೊಂಡರು. ಆದರೆ ಅವರ ಅಭಿನಯದಲ್ಲಿ ಇಂದಿಗೂ ನೆನಪಾಗುವುದು ತೋಳುಗಳಲ್ಲ. ಒಂದೇ ದೇಹದ ನಿಲುವು ಮತ್ತು ದನಿಯನ್ನು ಬದಲಿಸಿ ಸೂಪರ್‌ಮ್ಯಾನ್ ಹಾಗೂ ಅಂಜುಬುರುಕ ಕ್ಲಾರ್ಕ್ ಕೆಂಟ್ ಇಬ್ಬರನ್ನೂ ಬೇರೆಬೇರೆಯಾಗಿ ತೋರಿಸಿದ ರೀತಿ ನೆನಪಿನಲ್ಲಿ ಉಳಿದಿದೆ.

ಭಾರತದಲ್ಲಿ ದೇವತೆಗಳ ಮತ್ತು ಪುರಾಣಪುರುಷರ ರೂಪವನ್ನು ಹೀಗೆ ನಿಗದಿಪಡಿಸಿದ್ದು ಅಚ್ಚಿನ ಚಿತ್ರಗಳು. ರಾಜಾ ರವಿವರ್ಮನ ಮುದ್ರಣಾಲಯ 1894ರಲ್ಲಿ ಆರಂಭವಾದ ಬಳಿಕ ಅಲ್ಲಿನ ಪಟಗಳು ಮನೆಮನೆಯ ಗೋಡೆಗೇರಿದವು. ಕಾರ್ಕಳದಲ್ಲಿ ಜನಿಸಿದ ಅನಂತ ಪೈ 1967ರಲ್ಲಿ ರೂಪಿಸಿದ ‘ಅಮರ ಚಿತ್ರ ಕಥಾ’ ಮಾಲೆಯೂ ಅದೇ ಪರಂಪರೆಯನ್ನು ಮಕ್ಕಳ ಕೈಗೆ ತಲುಪಿಸಿತು.

ಕಿತ್ತೂರು ವೀರರ ರೂಪದ ಮೂಲಗಳು

ಬೆಳಗಾವಿಯ ಸಮೀಪದ ಕಾಕತಿಯಲ್ಲಿ ಜನಿಸಿದ ಚೆನ್ನಮ್ಮ ಕಿತ್ತೂರಿನ ದೇಸಾಯಿ ಮಲ್ಲಸರ್ಜನ ರಾಣಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರ್‌ನಲ್ಲಿ ಕೋಟೆ ಬ್ರಿಟಿಷರ ವಶವಾಯಿತು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದ ಚೆನ್ನಮ್ಮ 1829ರಲ್ಲಿ ಮರಣಹೊಂದಿದಳು. ಕಿತ್ತೂರು ಸಂಸ್ಥಾನದ ಶೇತಸನದಿಯಾಗಿದ್ದ ರಾಯಣ್ಣ ಹೋರಾಟವನ್ನು ಮುಂದುವರಿಸಿ 1830ರಲ್ಲಿ ಸೆರೆಸಿಕ್ಕನು. 1831ರ ಜನವರಿ 26ರಂದು ಈಗಿನ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಛಾಯಾಗ್ರಹಣ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಆ ವೇಳೆಗೆ ಇಬ್ಬರೂ ಗತಿಸಿದ್ದರು. ಹೀಗಾಗಿ ಇಂದು ಶಾಲೆಯ ಗೋಡೆ, ಕ್ಯಾಲೆಂಡರ್ ಮತ್ತು ವೃತ್ತಗಳಲ್ಲಿ ಕಾಣುವ ಮುಖಗಳು ನಂತರದ ಕಲಾವಿದರ ಕಲ್ಪನೆಗಳು. ಅವಕ್ಕೂ ಮೊದಲು ಜನರಲ್ಲಿ ಪ್ರಚಾರದಲ್ಲಿದ್ದದ್ದು ಲಾವಣಿ ಮತ್ತು ಗೀಗೀ ಪದಗಳು. ಹಾಡಿನಲ್ಲಿ ವೀರನ ಸಾಹಸಕ್ಕೆ ಇರುವಷ್ಟು ಸ್ಥಳ ಅವನ ಮೂಗು, ಕಣ್ಣು, ಎತ್ತರಗಳಿಗೆ ಇರುವುದಿಲ್ಲ. ಕೇಳುವವನು ತನ್ನ ಊರಿನ ಯಾವ ಗಟ್ಟಿ ಆಳನ್ನಾದರೂ ಆ ಜಾಗದಲ್ಲಿ ನಿಲ್ಲಿಸಿಕೊಳ್ಳಬಹುದಿತ್ತು.

ಇಂದು ಈ ಸ್ವಾತಂತ್ರ್ಯ ಕಡಿಮೆಯಾಗಿದೆ. ಚೆನ್ನಮ್ಮನೆಂದರೆ ಹಣೆಯ ಮೇಲೆ ವಿಭೂತಿ, ಕಚ್ಚೆ ಸೀರೆ, ಎತ್ತಿದ ಖಡ್ಗ, ಹಲವೆಡೆ ಕುದುರೆ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಪ್ರತಿಮೆ ಈ ರೂಪಕ್ಕೆ ಪ್ರಸಿದ್ಧ ಉದಾಹರಣೆ. 2007ರ ಸೆಪ್ಟೆಂಬರ್ 11ರಂದು ಸಂಸತ್ ಭವನದ ಆವರಣದಲ್ಲಿಯೂ ಅವಳ ಪ್ರತಿಮೆ ಅನಾವರಣಗೊಂಡಿತು. ಶಾಲಾ ವೇಷಭೂಷಣ ಸ್ಪರ್ಧೆಗಳಲ್ಲಿ ರಟ್ಟಿನ ಕತ್ತಿ ಹಿಡಿದ ಐದು ವರ್ಷದ ಬಾಲಕಿಯನ್ನು ಯಾರೂ ‘ಇವಳು ಯಾರು’ ಎಂದು ಕೇಳುವುದಿಲ್ಲ. ಮುಖ ಯಾರದಾದರೂ ಸರಿ, ಈ ನಾಲ್ಕು ಗುರುತುಗಳಿದ್ದರೆ ಅವಳು ಚೆನ್ನಮ್ಮ. ಸೂಪರ್‌ಮ್ಯಾನನ ಎದೆಯ ಮೇಲಿನ ಲಾಂಛನವೂ ಇದೇ ಕೆಲಸ ಮಾಡುತ್ತದೆ.

‘ಕಿತ್ತೂರು ಚೆನ್ನಮ್ಮ’ (1961)

ಬಿ. ಆರ್. ಪಂತುಲು ನಿರ್ದೇಶಿಸಿದ ಈ ಚಿತ್ರದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮನ ಪಾತ್ರವನ್ನೂ ರಾಜ್‌ಕುಮಾರ್ ಮಲ್ಲಸರ್ಜನ ಪಾತ್ರವನ್ನೂ ವಹಿಸಿದ್ದಾರೆ. 1938ರಲ್ಲಿ ಜನಿಸಿದ ಸರೋಜಾದೇವಿಯವರಿಗೆ ಆಗ 23 ವರ್ಷ. ಚೆನ್ನಮ್ಮನ ಜನನ 1778ರಲ್ಲಿ ಎಂಬ ಪ್ರಚಲಿತ ಲೆಕ್ಕದಂತೆ ಯುದ್ಧಕಾಲದಲ್ಲಿ ಅವಳ ವಯಸ್ಸು ಸುಮಾರು 46. ಮಲ್ಲಸರ್ಜ 1816ರಲ್ಲೇ ತೀರಿಕೊಂಡಿದ್ದನು. ಅಂದರೆ ಥ್ಯಾಕರೆಯನ್ನು ಎದುರಿಸಿದವಳು ಮಧ್ಯವಯಸ್ಸಿನ ವಿಧವೆ, ಎಂಟು ವರ್ಷ ಸಂಸ್ಥಾನದ ಏಳುಬೀಳುಗಳನ್ನು ಕಂಡವಳು. ರೂಪಸಾಮ್ಯದ ದೃಷ್ಟಿಯಿಂದ ಚಿತ್ರದ ದೊಡ್ಡ ವ್ಯತ್ಯಾಸ ಮುಖದಲ್ಲಿಲ್ಲ, ಈ ವಯಸ್ಸಿನಲ್ಲಿದೆ. ಕಪ್ಪ ಕೇಳುವ ಅಧಿಕಾರಿಯ ಎದುರು ಸಿಡಿದೇಳುವ ಮಾತು ತರುಣಿಯ ಬಾಯಲ್ಲಿ ಒಂದು ಬಗೆಯ ಆವೇಶವಾಗಿ ಕೇಳಿಸುತ್ತದೆ. ಗಂಡನನ್ನೂ ವಾರಸುದಾರನನ್ನೂ ಕಳೆದುಕೊಂಡು, ಸಂಸ್ಥಾನ ಕೈತಪ್ಪುವುದನ್ನು ಎದುರಿಗೇ ಕಾಣುತ್ತಿರುವ ಹೆಂಗಸಿನ ಬಾಯಲ್ಲಿ ಅದಕ್ಕೆ ಬೇರೆಯೇ ತೂಕ ಬರುತ್ತದೆ.

ಚಿತ್ರಕಥೆಯು ವಿವಾಹದಿಂದ ಯುದ್ಧದವರೆಗಿನ ದೀರ್ಘಾವಧಿಯನ್ನು ಒಳಗೊಂಡಿದ್ದರಿಂದ ಒಬ್ಬಳೇ ನಟಿ ಎರಡೂ ವಯಸ್ಸನ್ನು ಒಪ್ಪಿಸಬೇಕಾಗಿತ್ತು ಎಂಬುದನ್ನೂ ಗಮನಿಸಬೇಕು. ಆ ಸಂಭಾಷಣೆ ಗ್ರಾಂಥಿಕ ಕನ್ನಡದಲ್ಲಿದೆ. ಕಿತ್ತೂರು ಸೀಮೆಯ ಆಡುಮಾತು ಅದಲ್ಲ. ವೇಷ, ಕುದುರೆ, ಕತ್ತಿಗಳ ಬಗ್ಗೆ ಎಚ್ಚರ ವಹಿಸುವ ಚಿತ್ರಗಳು ಪಾತ್ರದ ನಾಲಗೆಯನ್ನು ಮರೆಯುವುದು ಕನ್ನಡ ಐತಿಹಾಸಿಕ ಚಿತ್ರಗಳಲ್ಲಿ ಅಪರೂಪವೇನಲ್ಲ. ಹಾಗಿದ್ದರೂ ಸರೋಜಾದೇವಿಯವರ ಚೆನ್ನಮ್ಮ ಜನಮಾನಸದಲ್ಲಿ ಎಷ್ಟು ಗಟ್ಟಿಯಾಗಿ ನಿಂತಳೆಂದರೆ, ನಂತರದ ತಲೆಮಾರುಗಳು ರಾಣಿಯ ಮಾತಿನ ಧಾಟಿಯನ್ನು ಈ ಚಿತ್ರದಿಂದಲೇ ಕಲಿತವು.

‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ (2012)

ನಾಗಣ್ಣ ನಿರ್ದೇಶನದ ಈ ಚಿತ್ರ 2012ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನ, ತೆರೆಕಂಡಿತು. ದರ್ಶನ್ ರಾಯಣ್ಣನಾಗಿಯೂ ಜಯಪ್ರದಾ ಚೆನ್ನಮ್ಮನಾಗಿಯೂ ಅಭಿನಯಿಸಿದರು. ವಯಸ್ಸಿನ ವಿಷಯದಲ್ಲಿ ಈ ಆಯ್ಕೆ 1961ರ ಚಿತ್ರಕ್ಕಿಂತ ಇತಿಹಾಸಕ್ಕೆ ಹತ್ತಿರವಾಗಿದೆ. ಜಯಪ್ರದಾ ಅವರಿಗೆ ಆಗ 50 ವರ್ಷ. ರಾಯಣ್ಣನ ಜನ್ಮದಿನವನ್ನು 1798ರ ಆಗಸ್ಟ್ 15 ಎಂದು ಆಚರಿಸುವ ಲೆಕ್ಕದಲ್ಲಿ ಅವನು ಗಲ್ಲಿಗೇರಿದಾಗ 32 ವರ್ಷ; ದರ್ಶನ್ ಅವರಿಗೆ 35. ಈ ಪಾತ್ರಕ್ಕಾಗಿ ದರ್ಶನ್ ಕರ್ನಾಟಕ ರಾಜ್ಯ ಚಲನಚಿತ್ರ ಪ್ರಶಸ್ತಿಯ ಅತ್ಯುತ್ತಮ ನಟ ಗೌರವವನ್ನು ಪಡೆದರು.

ದೇಹದ ವಿಷಯ ಬೇರೆ. ಜನಪ್ರಿಯ ನಾಯಕನಟನ ಎತ್ತರದ ನಿಲುವು ರಾಯಣ್ಣನ ಪ್ರತಿಮೆಗಳ ವಿಶಾಲವಾದ ಎದೆ ಮತ್ತು ಮೀಸೆಗೆ ಚೆನ್ನಾಗಿ ಒಪ್ಪುತ್ತದೆ. ಇಲ್ಲಿ ನಟನಿಗೂ ಪ್ರತಿಮೆಗೂ ಸಾಮ್ಯವಿದೆ ಎನ್ನಬಹುದೇ ಹೊರತು ರಾಯಣ್ಣನಿಗೂ ನಟನಿಗೂ ಸಾಮ್ಯವಿದೆ ಎನ್ನಲು ಆಧಾರವಿಲ್ಲ. ರಾಯಣ್ಣ ಕುರುಬ ಸಮುದಾಯದವನು. ಕಾಡು, ಗುಡ್ಡ, ಹಳ್ಳಗಳ ನಡುವೆ ಸಣ್ಣ ಗುಂಪು ಕಟ್ಟಿಕೊಂಡು ಸರ್ಕಾರಿ ಕಚೇರಿಗಳ ಮೇಲೆ ದಾಳಿ ಮಾಡಿ ಮರೆಯಾಗುತ್ತಿದ್ದವನು. ಗೆರಿಲ್ಲಾ ಯುದ್ಧ ಮಾಡುವವನಿಗೆ ಗುಂಪಿನಲ್ಲಿ ಎದ್ದು ಕಾಣುವ ದೇಹ ಅನುಕೂಲವೇ ಎಂಬ ಪ್ರಶ್ನೆಯನ್ನು ಸಿನೆಮಾ ಕೇಳುವುದಿಲ್ಲ, ಪ್ರತಿಮೆಯೂ ಕೇಳುವುದಿಲ್ಲ.

ನಂದಗಡದಲ್ಲಿ ರಾಯಣ್ಣನ ಸಮಾಧಿಗೆ ಜನರು ಹರಕೆ ಹೊತ್ತು ಬರುತ್ತಾರೆ. ಅಂಥ ಭಕ್ತರಿಗೆ ಈ ನಟನೆ ಮನರಂಜನೆಯಷ್ಟೇ ಅಲ್ಲ. ದೇವರ ಪಾತ್ರ ವಹಿಸಿದವರಿಂದ ನಿರೀಕ್ಷಿಸುವ ಗಾಂಭೀರ್ಯವನ್ನು ಅವರು ಇಲ್ಲಿಯೂ ನಿರೀಕ್ಷಿಸುತ್ತಾರೆ. ಕಾಮಿಕ್ಸ್ ಅಭಿಮಾನಿಗಳ ಸಿಟ್ಟಿಗೂ ಇಲ್ಲಿನ ಸಿಟ್ಟಿಗೂ ಇರುವ ಅಂತರ ಇದು.

ನಟನ ಮುಖವೇ ಮೂಲವಾಗುವುದು

ರೂಪಸಾಮ್ಯದ ದಿಕ್ಕು ಕೆಲವೊಮ್ಮೆ ತಿರುಗುಮುರುಗಾಗುತ್ತದೆ. ನಿಕ್ ಫ್ಯೂರಿ ಎಂಬ ಮಾರ್ವೆಲ್ ಪಾತ್ರ ಮೊದಲು ಬಿಳಿಯನಾಗಿತ್ತು. 2002ರಲ್ಲಿ ಆರಂಭವಾದ ‘ದಿ ಅಲ್ಟಿಮೇಟ್ಸ್’ ಮಾಲೆಯಲ್ಲಿ ಅದನ್ನು ನಟ ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಅವರ ಮುಖವನ್ನು ಹೋಲುವಂತೆ ಬರೆಯಲಾಯಿತು. 2008ರ ‘ಐರನ್ ಮ್ಯಾನ್’ ಚಿತ್ರದಲ್ಲಿ ಜಾಕ್ಸನ್ ಅವರೇ ಆ ಪಾತ್ರವಾಗಿ ಕಾಣಿಸಿಕೊಂಡರು.

ದಕ್ಷಿಣ ಭಾರತದ ಉದಾಹರಣೆ ಪಂತುಲು ಅವರದೇ ಇನ್ನೊಂದು ಚಿತ್ರ. 1959ರ ತಮಿಳು ‘ವೀರಪಾಂಡಿಯ ಕಟ್ಟಬೊಮ್ಮನ್’ ಚಿತ್ರದಲ್ಲಿ ಶಿವಾಜಿ ಗಣೇಶನ್ ನಟಿಸಿದರು. ಕಟ್ಟಬೊಮ್ಮನನ್ನು 1799ರಲ್ಲಿ ಗಲ್ಲಿಗೇರಿಸಿದ ಕಯತ್ತಾರಿನಲ್ಲಿ ಮುಂದೆ ಆ ನಟರೇ ಮುಂದಾಗಿ ಪ್ರತಿಮೆ ನಿಲ್ಲಿಸಿದರು. ಚಿತ್ರವನ್ನು ಕಂಡವರಿಗೆ ಕಟ್ಟಬೊಮ್ಮನನ್ನು ಶಿವಾಜಿ ಗಣೇಶನ್ ಅವರಿಂದ ಬೇರ್ಪಡಿಸಿ ಊಹಿಸುವುದು ಕಷ್ಟ.

ವಿಜಯನಗರದ ಕೃಷ್ಣದೇವರಾಯನ ವಿಷಯದಲ್ಲಿ ಊಹೆಗೆ ಅಷ್ಟು ಎಡೆಯಿಲ್ಲ. ತಿರುಮಲದ ದೇವಾಲಯದಲ್ಲಿ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತ ಅವನ ಲೋಹಪ್ರತಿಮೆಯಿದೆ. ಸುಮಾರು 1520ರಲ್ಲಿ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅರಸನು ಮಧ್ಯಮ ಎತ್ತರದವನೆಂದೂ ತೆಳ್ಳಗಿರದೆ ತುಸು ದಪ್ಪವೆಂದೂ ಮುಖದಲ್ಲಿ ಸಿಡುಬಿನ ಕಲೆಗಳಿದ್ದವೆಂದೂ ಬರೆದಿದ್ದಾನೆ. 1970ರ ‘ಶ್ರೀ ಕೃಷ್ಣದೇವರಾಯ’ ಚಿತ್ರದಲ್ಲಿ ರಾಜ್‌ಕುಮಾರ್ ಅರಸನಾದರು. ಇದರ ನಿರ್ದೇಶಕರೂ ಪಂತುಲು ಅವರೇ. ಕನ್ನಡಿಗರ ಮನಸ್ಸಿನಲ್ಲಿ ಉಳಿದ ಕೃಷ್ಣದೇವರಾಯನಿಗೆ ಸಿಡುಬಿನ ಕಲೆಗಳಿಲ್ಲ. ಆಧಾರವಿದ್ದಾಗಲೂ ಪ್ರೇಕ್ಷಕರು ಬಯಸುವುದು ಆಧಾರವನ್ನಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಬೆಳಗಾವಿ ಗಡಿಭಾಗದಲ್ಲಿ

ಬೆಳಗಾವಿ ನಗರಕ್ಕೆ ಹೊಂದಿಕೊಂಡಿರುವ ಹಿಂಡಲಗಾದಿಂದ ಖಾನಾಪುರದವರೆಗಿನ ಊರುಗಳಲ್ಲಿ ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿವೆ. ಇಲ್ಲಿನ ಪ್ರೇಕ್ಷಕರಿಗೆ ರಾಯಣ್ಣನ ಜೊತೆಗೆ ಛತ್ರಪತಿ ಶಿವಾಜಿಯ ಪ್ರತಿಮೆಯೂ ಚಿಕ್ಕಂದಿನಿಂದ ಪರಿಚಿತ. ಶಿವಾಜಿಯ ಚಿತ್ರರೂಪಕ್ಕೆ 17ನೆಯ ಶತಮಾನದ ವರ್ಣಚಿತ್ರಗಳ ಆಧಾರವಿದೆ. ಚೂಪಾದ ಮೂಗು, ಗಡ್ಡ, ಪೇಟದ ರೀತಿಯನ್ನು ಅವುಗಳೊಂದಿಗೆ ಹೋಲಿಸಿ ನೋಡಬಹುದು. ಭಾಲ್ಜಿ ಪೆಂಢಾರ್ಕರ್ ಅವರ 1952ರ ‘ಛತ್ರಪತಿ ಶಿವಾಜಿ’ ಚಿತ್ರದಲ್ಲಿ ಚಂದ್ರಕಾಂತ ಮಾಂಡರೆ ಆ ಪಾತ್ರ ವಹಿಸಿದ್ದರು.

ಈ ಭಾಗದಲ್ಲಿ ಪ್ರತಿಮೆಗಳು ಭಾಷಾ ಅಸ್ಮಿತೆಯ ಗುರುತುಗಳೂ ಆಗಿವೆ. 2020ರ ಆಗಸ್ಟ್‌ನಲ್ಲಿ ಖಾನಾಪುರ ರಸ್ತೆಯ ಪೀರನವಾಡಿಯಲ್ಲಿ ರಾಯಣ್ಣನ ಪ್ರತಿಮೆಯ ಸ್ಥಾಪನೆ ಕುರಿತು ವಿವಾದ ನಡೆಯಿತು. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಳಿದ ಘಟನೆಯ ಬೆನ್ನಿಗೇ ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಯನ್ನು ವಿರೂಪಗೊಳಿಸಲಾಯಿತು. ಇಂಥ ಸನ್ನಿವೇಶದಲ್ಲಿ ನಟನ ಮುಖ ಹೋಲುತ್ತದೆಯೇ ಎಂಬುದಕ್ಕಿಂತ ನಟ ಯಾರವನು ಎಂಬ ಪ್ರಶ್ನೆ ಮುಂದೆ ಬರುತ್ತದೆ. 2024ರ ಡಿಸೆಂಬರ್‌ನಲ್ಲಿ, ಸಂದೀಪ್ ಸಿಂಗ್ ನಿರ್ದೇಶಿಸಲಿರುವ ಹಿಂದಿ ಚಿತ್ರದಲ್ಲಿ ಕನ್ನಡದ ನಟ ರಿಷಬ್ ಶೆಟ್ಟಿ ಶಿವಾಜಿಯಾಗಿ ಕಾಣಿಸಿಕೊಳ್ಳುವರೆಂಬ ಪ್ರಕಟಣೆಯೊಂದಿಗೆ ಭಿತ್ತಿಚಿತ್ರ ಹೊರಬಂದಿತು. ಆಗ ಕನ್ನಡಿಗರಲ್ಲಿ ಕೆಲವರು ಎತ್ತಿದ ಆಕ್ಷೇಪಕ್ಕೂ ಅವರ ಮುಖಲಕ್ಷಣಕ್ಕೂ ಸಂಬಂಧವಿರಲಿಲ್ಲ. ಕನ್ನಡದ ನಟರೊಬ್ಬರು ಆ ಪಾತ್ರವನ್ನು ಒಪ್ಪಿಕೊಳ್ಳಬೇಕಿತ್ತೇ ಎಂಬುದು ಅವರ ಪ್ರಶ್ನೆಯಾಗಿತ್ತು.